ತಣ್ಣನೆಯ ಕೈ

ಐಸಿಯು ಬಾಗಿಲಲ್ಲಿ ಬೆಳಗಿನಿಂದ ಗೋಗರೆಯುತ್ತಿದ್ದ ಮುದುಕಿಗೆ ನರ್ಸ್ ಕೊನೆಗೂ ಕರಗಿ ಹಸಿರು ಗೌನು ತೊಡಿಸಿದಳು. ಕೈಗೆ ಸ್ಪಿರಿಟ್ ಹಚ್ಚಿ ತಿಕ್ಕಿದರೂ ಹೆಬ್ಬೆಟ್ಟಿನ ನೀಲಿ ಮಸಿ ಹೋಗಲಿಲ್ಲ.

"ಎರಡ ನಿಮಿಷ ಅಷ್ಟ, ಅಮ್ಮಾರ. ಒಳಗ ಅಳಬ್ಯಾಡ್ರಿ ಮತ್ತ."

ಹಾಸಿಗೆಯಲ್ಲಿದ್ದ ಯುವಕನಿಗೆ ನಿನ್ನೆಯಷ್ಟೇ ಹೃದಯ, ಶ್ವಾಸಕೋಶ ಎರಡನ್ನೂ ತೆಗೆದು ಬೇರೆಯವರದನ್ನು ಹಾಕಿದ್ದರು. ಅವನ ಕೈ ಮುಟ್ಟಿದ ಮುದುಕಿ ಬೆಚ್ಚಿಬಿದ್ದಳು.

"ಯವ್ವಾ, ಇಷ್ಟ ತಣ್ಣಗೈತಲ್ರಿ! ಜೀವ ಐತೇನು?"

"ಐತ್ರಿ. ನಾವ ಮೈ ತಂಪ ಮಾಡಿ ಇಟ್ಟೇವಿ. ಮೈ ತಂಪಿದ್ರ ರಕ್ತ ನಿಧಾನ ಹರಿದ್ರೂ ಸಾಕಾಗ್ತೈತಿ. ಹೊಸಾ ಗುಂಡಿಗಿಗೆ ದಣಿವಾಗೂದಿಲ್ಲ."

"ಹೊರಗ ನನ್ನ ಕೌದಿ ಐತಿ. ತಂದು ಹೊಚ್ಚಲೇನು?"

ನರ್ಸ್ ನಕ್ಕಳು. "ಚಲೋ ಅದೀರಿ! ನಾವು ತಂಪ ಮಾಡೂದು, ನೀವು ಕೌದಿ ಹೊಚ್ಚೂದು. ನಿಮ್ಮ ಮಗಗ ಏನೂ ಆಗೂದಿಲ್ಲ, ನಂಬ್ರಿ. ಮೈ ಮುಟ್ಟಿ ನೋಡಿ ಜೀವ ಐತೋ ಇಲ್ಲೋ ಹೇಳಾಕ ಬರೂದಿಲ್ಲ. ಅದನ್ನ ಡಾಕ್ಟರೇ ಹೇಳಬೇಕು."

ಮುದುಕಿ ಅವನ ಎದೆಯ ಪಟ್ಟಿಯ ಮೇಲೆ ಅಂಗೈ ಇಟ್ಟು ಒಳಗಿನ ಬಡಿತ ನೋಡಿದಳು. ಆಮೇಲೆ ಕೈ ತೆಗೆದಳು.

"ಇವ ನನ್ನ ಮಗ ಅಲ್ರಿ, ಅಕ್ಕಾರ. ಇವನ ಎದಿಯಾಗ ಬಡಕೊಳ್ಳಾಕತ್ತಿದ್ದು ನನ್ನ ಮಗನ ಗುಂಡಿಗಿ. ನಿನ್ನೆ ಅವನ ಕೈ ಬೆಚ್ಚಗ ಇತ್ತು. ಸತ್ತಾನ ಅಂತ ಹೇಳಿ ನನ್ನ ಹೆಬ್ಬೆಟ್ಟು ಒತ್ತಿಸ್ಕೊಂಡ್ರಿ."