ಕಿನ್ನರ ಕಥೆಗೆ ತಕರಾರು

ದಬ್!

ಎಡಗೈ ಮಂಚದ ಕಬ್ಬಿಣದ ಸರಳಿಗೆ ಬಡಿಯಿತು. ಓದುತ್ತಿದ್ದ ದಾದಿ ಬೆಚ್ಚಿ ತಲೆಯೆತ್ತಿದಳು. ಇವತ್ತಿಗೆ ಇದು ಮೂರನೇ ಸಲ.

"ಏನಾಯ್ತು ಅಜ್ಜಾ? ನೋವಾ?"

ದಬ್!

"ಬಾಯಾರಿಕೆಯಾ?"

ದಬ್!

"ಓದೋದು ನಿಲ್ಲಿಸ್ಲಾ?"

ದಬ್! ದಬ್! ಮುದುಕರ ಮುಖ ಕೆಂಪಗಾಯಿತು. ದಾದಿ ಪುಸ್ತಕ ಮುಚ್ಚಿದಳು. ಅವರು ಅವಳನ್ನು ಸುಟ್ಟುಬಿಡುವಂತೆ ನೋಡಿ ಗೋಡೆಯ ಕಡೆ ಮುಖ ತಿರುಗಿಸಿದರು.

ಪಾರ್ಶ್ವವಾಯು ಹೊಡೆದು ಏಳು ತಿಂಗಳು. ಬಲಗೈ ಹೋಗಿತ್ತು, ಮಾತು ಹೋಗಿತ್ತು. ತಲೆಯಾಡಿಸಿದರೆ ಹೌದೋ ಅಲ್ಲವೋ ಅವರಿಗೇ ಕಲಸಿಹೋಗುತ್ತಿತ್ತು. ಉಳಿದದ್ದು ಎಡಗೈ ಮತ್ತು ಸಿಟ್ಟು. ದಿನಕ್ಕೊಂದು ಗಂಟೆ ಏನಾದರೂ ಗಟ್ಟಿಯಾಗಿ ಓದಿ ಹೇಳಿ, ಕಿವಿಗೆ ಬಿದ್ದದ್ದು ಎಂದಾದರೂ ನಾಲಿಗೆಗೆ ಬಂದೀತು ಎಂದಿದ್ದ ಮಾತಿನ ಡಾಕ್ಟರು, ಈಚೆಗೆ ತಾವೇ ಬರುವುದನ್ನು ಬಿಟ್ಟಿದ್ದರು. ಮೊದಲು ದಾದಿ ಪತ್ರಿಕೆ ಓದಿದಳು. ಎರಡನೇ ಸುದ್ದಿಗೆ ಅಜ್ಜ ಗೊರಕೆ ಹೊಡೆಯುತ್ತಿದ್ದರು.

ಆಮೇಲೆ ಈ ಪುಸ್ತಕ ಬಂತು.

ಬಾಡಿಗೆ ಪುಸ್ತಕದಂಗಡಿಯಿಂದ ಹೊತ್ತು ಕಳೆಯಲೆಂದು ತಂದದ್ದು. ಕಿನ್ನರ ಲೋಕದ ಅರಮನೆಗೆ ಬೀಗ ರಿಪೇರಿಗೆಂದು ಹೋದ ಮನುಷ್ಯರ ಹುಡುಗಿ. ಆಕೆಯ ಮೇಲಿನ ಪ್ರೀತಿಯನ್ನು ಬಚ್ಚಿಟ್ಟ ದಿನಕ್ಕೊಂದರಂತೆ ರೆಕ್ಕೆಯ ಗರಿ ಕಳೆದುಕೊಳ್ಳುವ ರಾಜಕುಮಾರ. ಮೂವತ್ತೆಂಟರ ದಾದಿ, ಇಂಥದ್ದನ್ನೆಲ್ಲ ಹದಿನಾರಕ್ಕೇ ಮುಗಿಸಿದ್ದೇನೆ ಅಂದುಕೊಂಡವಳು, ಮೂರನೇ ಅಧ್ಯಾಯಕ್ಕೆ ಜಾರಿಬಿದ್ದಳು. ಎರಡು ಸಲ ಇಳಿಯುವ ಸ್ಟಾಪ್ ದಾಟಿ ಹೋದಳು. ಹಾಲು ಉಕ್ಕಿಸಿದಳು. ಬಸ್ಸಿನ ಕಂಡಕ್ಟರನ ಬೆನ್ನು ನೋಡಿ, ಪಾಪ, ರೆಕ್ಕೆಯೇ ಇಲ್ಲ ಅಂದುಕೊಂಡಳು.

"ಅದೇನು ಪುಸ್ತಕಾನೋ ಗಂಡಾನೋ? ದಿಂಬಿನ ಕೆಳಗಿಟ್ಕೊಂಡು ಮಲಗ್ತೀಯ," ಎಂದಳು ಅವಳ ತಂಗಿ. ಕಥೆ ಹೇಳಲು ಹೋದರೆ ಆಕಳಿಸಿದಳು.

ಪ್ರೀತಿಯನ್ನು ಒಬ್ಬಳೇ ಎಷ್ಟು ದಿನ ಹೊತ್ತಾಳು? ಬೇಡ ಅಂತ ಎದ್ದುಹೋಗಲಾರದ ಕೇಳುಗರು ಒಬ್ಬರಿದ್ದರಲ್ಲ! ದಿನದ ಅಧ್ಯಾಯವನ್ನು ಮುಂಚೆಯೇ ಓದಿ, ಅಜ್ಜನಿಗೆ ಎಲ್ಲಿಂದ ಎಲ್ಲಿವರೆಗೆ ಓದಬೇಕೆಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡು ಬರುತ್ತಿದ್ದಳು. ಹಿರಿಯರ ಮುಂದೆ ಓದುವುದೆಂದರೆ ಹುಡುಗಾಟವೇ?

ಅಜ್ಜ ನಿದ್ದೆ ಮಾಡಲಿಲ್ಲ. ಯುದ್ಧ, ಶಾಪ, ಮಾಟಗಾತಿ, ಎಲ್ಲವನ್ನೂ ಕಣ್ಣು ಮಿಟುಕಿಸದೆ ಕೇಳಿದರು. ಆದರೆ ರಾಜಕುಮಾರ ಹುಡುಗಿಯ ಹತ್ತಿರ ಬಂದನೋ, ದಬ್! ಇನ್ನೇನು ಕಥೆ ಅರಳಬೇಕು, ದಬ್! ಪ್ರೇಮವೆಂದರೆ ಅಷ್ಟೊಂದು ಅಸಹ್ಯವೇ ಇವರಿಗೆ? ದಾದಿಗೆ ಅಳು ಬರುವಷ್ಟು ರೇಗುತ್ತಿತ್ತು. ಕಲ್ಲಿನ ಮುಂದೆ ಕಿನ್ನರಿ ನುಡಿಸಿದರೆ ಕಲ್ಲು ಸುಮ್ಮನಾದರೂ ಇರುತ್ತದೆ. ಇದು ತಿರುಗಿ ಬಡಿಯುವ ಕಲ್ಲು.

ಸದ್ದು ಶಾಲೆಯಲ್ಲಿ ಪಾಠ ಮುಗಿಸಿ ಬಂದ ಅಜ್ಜನ ಮಗಳ ಕಿವಿಗೂ ಬಿತ್ತು. ಆಕೆ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ಅಪ್ಪ ನಲವತ್ತು ವರ್ಷ ಪತ್ರಿಕೆಯಲ್ಲಿ ಪ್ರೂಫ್ ನೋಡಿದವರು. ಬೇರೆಯವರು ಬರೆದದ್ದರಲ್ಲಿ ಒಂದು ಪದ ಬಿಟ್ಟುಹೋದ್ರೂ ಅವತ್ತು ಊಟ ಸೇರ್ತಿರಲಿಲ್ಲ. ಅವರಿಗೆ ಈ ಕಾಗಕ್ಕ ಗುಬ್ಬಕ್ಕನ ಕಥೆ ಓದ್ತೀಯಾ?"

"ಕೇಳ್ತಾರೆ ಅಕ್ಕಾ. ಆದ್ರೆ ನಡುನಡುವೆ..."

"ನಡುನಡುವೆ ಸಹಿಸೋಕಾಗಲ್ಲ. ಅದನ್ನೇ ಹೇಳ್ತಿದ್ದಾರೆ. ಇನ್ನೊಂದು ಸಲ ಮಂಚ ಬಡಿದ ಸದ್ದು ಕೇಳಿದ್ರೆ, ನಿನ್ನ ಏಜೆನ್ಸಿಗೆ ಫೋನ್ ಮಾಡಿ ಬೇರೆಯವರನ್ನ ಕಳಿಸೋಕೆ ಹೇಳ್ತೀನಿ."

ಎರಡು ದಿನ ದಾದಿ ಪತ್ರಿಕೆಯನ್ನೇ ಓದಿದಳು. ಅಜ್ಜ ಕಣ್ಣು ಮುಚ್ಚಿಕೊಂಡೇ ಇದ್ದರು.

ಶನಿವಾರ ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಉಳಿದದ್ದು ಒಂದೇ ಅಧ್ಯಾಯ. ಮಗಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ದಾದಿ ಕುರ್ಚಿಯನ್ನು ಮಂಚಕ್ಕೆ ಒತ್ತಿ ಎಳೆದುಕೊಂಡಳು.

"ಅಜ್ಜಾ, ನಿಮ್ಮ ಕಾಲಿಗೆ ಬೀಳ್ತೀನಿ. ಇದೊಂದು ಸಲ ಬಡೀಬೇಡಿ. ನನ್ನ ಕೆಲಸ ಹೋಗತ್ತೆ."

ಅಜ್ಜ ಕಣ್ಣು ತೆರೆದರು. ಅವಳು ಪಿಸುದನಿಯಲ್ಲಿ ಓದತೊಡಗಿದಳು. ರೆಕ್ಕೆಯಲ್ಲಿ ಉಳಿದಿದ್ದದ್ದು ಒಂದೇ ಗರಿ. ಹುಡುಗಿ ಅರಮನೆಯ ಏಳನೇ ಬೀಗ ತೆಗೆದು ಒಳಗೆ ಬಂದಳು. ರಾಜಕುಮಾರ ಎದ್ದು ನಿಂತ. ಬಚ್ಚಿಟ್ಟದ್ದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿದ. ಅಜ್ಜನ ಕಣ್ಣಂಚಿನಲ್ಲಿ ನೀರಿತ್ತು. ಅಥವಾ ಅವಳಿಗೆ ಹಾಗೆ ಕಂಡಿತು.

"ಅವನು ಅವಳ ಗಲ್ಲ ಹಿಡಿದು ಮುಖವೆತ್ತಿದ," ಎಂದು ಓದಿದಳು. ಉಗುಳು ನುಂಗಿದಳು. ಹಾಳೆ ತಿರುವಿದಳು. "ಮರುದಿನ ಬೆಳಗ್ಗೆ ಅರಮನೆಯಲ್ಲಿ ಡಂಗುರ ಸಾರಿದರು..."

ದಬ್! ದಬ್! ದಬ್! ಪಕ್ಕದಲ್ಲಿದ್ದ ನೀರಿನ ಲೋಟ ಹಾರಿ ಗೋಡೆಗೆ ಬಡಿದು ಉರುಳಿತು.

ಮಗಳು ಒದ್ದೆ ಕೈಯಲ್ಲೇ ಓಡಿಬಂದಳು. ಪುಸ್ತಕ ಕಿತ್ತುಕೊಂಡಳು. "ಸಾಕು! ನಿನ್ನ ಚೀಲ ತಗೋ, ಹೊರಡು. ಅವರನ್ನ ಸಾಯಿಸ್ತೀಯಾ?"

ದಾದಿ ಎದ್ದಳು. ಇಷ್ಟು ದಿನ ನುಂಗಿದ್ದೆಲ್ಲ ಒಮ್ಮೆಲೇ ಉಕ್ಕಿಬಂತು. "ಇಷ್ಟು ಚೆಂದದ ಕಥೆ ಅಜ್ಜಾ! ನಿಮಗೆ ಏನು ಮಾಡಿತ್ತು ಅದು?"

ಆಗ ಮಂಚದಿಂದ ಬೇರೊಂದು ಸದ್ದು ಬಂತು. ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದು. ಇಬ್ಬರೂ ತಿರುಗಿದರು. ಅಜ್ಜನ ದವಡೆ ಅಲುಗುತ್ತಿತ್ತು. ತುಟಿ ಒಂದು ಕಡೆಗೆ ಸೊಟ್ಟಗಾಗಿ, ಕುತ್ತಿಗೆಯ ನರ ಉಬ್ಬಿ, ಬೆವರು ಇಳಿಯುತ್ತಿತ್ತು. ಮಗಳ ಕೈಯಿಂದ ಪುಸ್ತಕ ಜಾರಿತು.

"ಅಪ್ಪಾ? ಏನಪ್ಪಾ? ಹೇಳಿ, ಹೇಳಿ!"

ಅಜ್ಜ ಎಡಗೈ ಎತ್ತಿ ದಾದಿಯತ್ತ ಬೆರಳು ಮಾಡಿದರು.

"ಇವಳು... ಮುತ್ತು ಕೊಡೋ ಜಾಗ ಎಲ್ಲಾ... ಬಿಟ್ಟು ಬಿಟ್ಟು... ಓದ್ತಾಳೆ!"