ಎಂಟು ಪಾಯಿಂಟಿನ ಸೋಬಾನೆ

ಆಗತಾನೆ ಬಿಡುಗಡೆಯಾದ ಪುಸ್ತಕವನ್ನು ದೇವಿರಮ್ಮ ಮೂಗಿನ ಹತ್ತಿರಕ್ಕೆ ತಂದಳು. ತೋಳು ಚಾಚಿ ದೂರ ಹಿಡಿದಳು. ಕಿಟಕಿಯ ಬೆಳಕಿಗೆ ತಿರುಗಿಸಿದಳು. ಅನಂತರ ವೇದಿಕೆಯ ಮೇಜಿನ ಮೇಲೆ ಕುಕ್ಕಿದಳು. ಹೂವಿನ ಹಾರವೊಂದು ಜಾರಿ ಕೆಳಗೆ ಬಿತ್ತು. ಮಳವಳ್ಳಿಯ ಆ ಸಭಾಂಗಣದಲ್ಲಿ ಚಪ್ಪಾಳೆ ನಿಂತೇಹೋಯಿತು.

"ಏನಪ್ಪ ಇದು? ಸೋಬಾನೆ ಆಡು ಕೊಟ್ರೆ ಇರುವೆ ಸಾಲು ಅಚ್ಚಾಕ್ಸಿದ್ದೀಯಲ್ಲ!"

ಈ ಮಾತು ಪುಸ್ತಕದ ಸಂಪಾದಕ ಸುಧೀಂದ್ರನಿಗೆ. ಹಲಗೂರಿನಲ್ಲಿ ಅವಳ ಜಗಲಿಯ ಮೇಲೆ ಕುಳಿತು ಸೋಬಾನೆಗಳನ್ನು, ಅಂದರೆ ಮದುವೆಯ ಹಾಡುಗಳನ್ನು, ಬರೆದುಕೊಂಡವನು ಅವನೇ. ಹಾಡು ಕೊಡುವಾಗ ದೇವಿರಮ್ಮ ಒಂದು ಷರತ್ತು ಹಾಕಿದ್ದಳು. ಅವಳ ಗಂಟಲಲ್ಲಿ ಗಂಟು ಬೆಳೆದಿತ್ತು. ಬರುವ ಸೋಮವಾರ ಮಂಡ್ಯದಲ್ಲಿ ಆಪರೇಷನ್. ಆಮೇಲೆ ದನಿ ಉಳಿಯುವುದಿಲ್ಲವೆಂದು ವೈದ್ಯರು ಹೇಳಿದ್ದರು. ಅವಳ ಮೇಳದ ಹೆಂಗಸರು ಸಾಲಿನ ಕೊನೆಯ ‘ಸೋಬಾನೆ’ ಎಂಬ ಸೊಲ್ಲಿಗೆ ದನಿಗೂಡಿಸುವವರೇ ಹೊರತು ಹಾಡು ಬಲ್ಲವರಲ್ಲ. ಆದರೆ ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತಿದ್ದರು. ಅವರು ನೋಡಿಕೊಂಡು ಹಾಡುವಂತಿರಬೇಕು, ಷರತ್ತು ಇಷ್ಟೇ.

"ಅಕ್ಷರದ ಗಾತ್ರ ಎಂಟು ಪಾಯಿಂಟ್ ಅಮ್ಮ," ಎಂದು ಸುಧೀಂದ್ರ ದನಿ ತಗ್ಗಿಸಿದ. "ಪುಟ ಹೆಚ್ಚಾಗಬಾರದು ಅಂತ ಇಳಿಸಬೇಕಾಯಿತು. ನನ್ನ ಕಂಪ್ಯೂಟರಲ್ಲಿ ಚೆನ್ನಾಗೇ ಕಾಣ್ತಿತ್ತು."

ಪರದೆಯ ಮೇಲೆ ಪುಟವನ್ನು ಎರಡರಷ್ಟು ಹಿಗ್ಗಿಸಿಕೊಂಡು ನೋಡಿದ್ದೆನೆಂಬುದನ್ನು ಅವನು ಆಗ ಹೇಳಲಿಲ್ಲ. ಕಾಗದಕ್ಕೆ ಇಳಿದಾಗ ಒತ್ತಕ್ಷರಗಳೆಲ್ಲ ಮಸಿಯ ಚುಕ್ಕಿಗಳಾಗಿದ್ದವು.

ದೇವಿರಮ್ಮ ಹಿಂದೆ ಸಾಲಾಗಿ ನಿಂತಿದ್ದ ಮೇಳದ ಕಡೆ ತಿರುಗಿದಳು. "ಬಾಮ್ಮಿ ಮಾಯಮ್ಮ, ನೀನಾದ್ರೂ ಓದು."

ಮಾಯಮ್ಮ ಕನ್ನಡಕ ಏರಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಅಕ್ಕನೋ ಅತ್ತೆನೋ, ಇದ್ರಲ್ಲಿ ಇಬ್ರೂ ಒಂದೇಯ ಕಣಕ್ಕ. ನಂಗೇನೂ ಕಾಣಾಕಿಲ್ಲ."

"ಮೊಬೈಲಿಗೂ ಕಳಿಸ್ತೀವಿ ಅಮ್ಮ," ಸುಧೀಂದ್ರ ಅವಸರದಿಂದ ಹೇಳಿದ. "ಬೆರಳಲ್ಲಿ ಹಿಗ್ಗಿಸಿ ಓದಬಹುದು."

"ಇಗ್ಗಿಸುದ್ರೆ ಅರ್ಧ ಸಾಲು ಆಚ್ಗೋಯ್ತದೆ. ಎಣ್ಣ ಅಸೆಮಣೆ ಮುಂದೆ ನಿಲ್ಸ್ಕಂಡು, ತಾಳವ್ವ, ಮಿಕ್ಕರ್ಧ ಉಡುಕ್ಕಂಡ್ ಬತ್ತೀನಿ ಅನ್ನಾದಾ?"

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಪುಟ ಮಗುಚುತ್ತಿದ್ದ ಮಾಯಮ್ಮ, "ಅಕ್ಕ, ಇದು ಕಾಣ್ತದೆ!" ಎಂದು ಕೂಗಿದಳು. ಪುಸ್ತಕ ಪ್ರಕಟಿಸಿದ ಸಂಸ್ಥೆಯ ಅಧ್ಯಕ್ಷ ಸಂಪತ್ ಕುಮಾರರ ಭಾವಚಿತ್ರದ ಕೆಳಗೆ, ಬೆಲ್ಲದ ಅಚ್ಚು ಜೋಡಿಸಿಟ್ಟಂತೆ ದಪ್ಪ ಅಕ್ಷರಗಳು ಪುಟದಿಂದ ಪುಟಕ್ಕೆ ಹರಡಿಕೊಂಡಿದ್ದವು.

"ಅದು ಅಧ್ಯಕ್ಷರ ಸಂದೇಶ," ಸುಧೀಂದ್ರ ನೆಲ ನೋಡುತ್ತ ಹೇಳಿದ. "ಅದನ್ನ ಸಣ್ಣ ಮಾಡಿದ್ರೆ ಅವರು ಬೇಸರ ಮಾಡ್ಕೋತಿದ್ರು. ಮುಂದಿನ ಮುದ್ರಣದಲ್ಲಿ ಹಾಡುಗಳನ್ನೂ ಖಂಡಿತ ದೊಡ್ಡದು ಮಾಡೋಣ ಅಮ್ಮ."

"ಅವ್ರ ಬ್ಯಾಸರ ಕಾಣ್ತು ನಿಂಗೆ, ನನ್ನ ಗಂಟ್ಲು ಕಾಣ್ನಿಲ್ಲ. ಈ ದನಿ ಸ್ವಾಮಾರದಗಂಟ ಅದೆ. ನಿನ್ನ ಮುಂದ್ಲ ಮುದ್ರಣ ಯಾವಾರ?"

ಆ ಹೊತ್ತಿಗೇ ನಿರೂಪಕಿ ಧ್ವನಿವರ್ಧಕದಲ್ಲಿ ಘೋಷಿಸಿದಳು: ಈಗ ದೇವಿರಮ್ಮ ಮತ್ತು ಮೇಳದವರಿಂದ, ಇದೇ ಪುಸ್ತಕದ ಒಂದು ಸೋಬಾನೆ.

ದೇವಿರಮ್ಮನ ಮೂಗಿನ ಹೊಳ್ಳೆಗಳು ಅರಳಿದವು. "ಪುಸ್ತಕ್ದಲ್ಲಿರಾದ್ನ ಆಡಿ ಅಂದವ್ರೆ. ಕಾಣಾದ್ನೇ ಆಡ್ರಮ್ಮಿ," ಎಂದು ಮೇಳಕ್ಕೆ ಹೇಳಿ, ತಾನೇ ರಾಗ ಎತ್ತಿಕೊಟ್ಟಳು. ಹೆಂಗಸರು ದಪ್ಪ ಅಕ್ಷರದ ಮೇಲೆ ಬೆರಳಿಟ್ಟು, ಹೆಣ್ಣನ್ನು ಹಸೆಗೆ ಕರೆಯುವ ರಾಗದಲ್ಲಿ ಹಾಡತೊಡಗಿದರು:

"ನಸಿಸುತ್ತಿರುವಾ ಜನಪದ ಸಂಸ್ಕ್ರುತಿಯನ್ನೂ… ಸೋಬಾನೇ,
ಉಳಿಸೀ ಬೆಳೆಸೂವುದೂ ನಮ್ಮೆಲ್ಲರ ಕರ್ತವ್ಯಾ… ಸೋಬಾನೇ…"

ಸಂಪತ್ ಕುಮಾರರು ಇದು ತಮಗೆ ಸಂದ ಗೌರವವೆಂದು ಎದ್ದು ನಿಂತು ಕೈಮುಗಿದರು. ಸಭೆ ಬಿದ್ದು ಬಿದ್ದು ನಕ್ಕಿತು. ದೇವಿರಮ್ಮ ನಗಲಿಲ್ಲ. ಸಂದೇಶ ಮುಗಿದು, ಕೊನೆಗೆ ಅಧ್ಯಕ್ಷರ ಹೆಸರು, ಪದವಿಗಳಿಗೂ ಸೋಬಾನೆ ಸಲ್ಲುವವರೆಗೆ ಅಂಗೈಯಿಂದ ಮೇಜು ಬಡಿಯುತ್ತ ತಾಳ ಹಾಕಿದಳು.

ಸಭೆಯಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಮಾಯಮ್ಮ. ಉಳಿದದ್ದು ಹಲಗೂರಿನ ಮದುವೆಮನೆಗಳಲ್ಲಿ ಕಣ್ಣಿಗೇ ಕಾಣುತ್ತದೆ. ಪುಸ್ತಕವನ್ನು ಹಿಗ್ಗಿಸಿ ಜೆರಾಕ್ಸ್ ಮಾಡಿಸಿದರು. ಚುಕ್ಕಿಗಳು ದೊಡ್ಡವಾದವು, ಅಕ್ಷರಗಳಾಗಲಿಲ್ಲ. ಎರಡನೆಯ ಮುದ್ರಣದ ಸುದ್ದಿಯಿಲ್ಲ. ಬೀಗರನ್ನು ಹಂಗಿಸುವ ಹೊತ್ತಿಗೆ ಹೆಂಗಸರು ಅಧ್ಯಕ್ಷರ ಸಂದೇಶವನ್ನು ಒಂದಕ್ಷರ ತಪ್ಪದೆ ಹಾಡುತ್ತಾರೆ, ಅದು ಬಾಯಿಪಾಠವಾಗಿಹೋಗಿದೆ. ಹೆಣ್ಣನ್ನು ಹಸೆಗೆ ಕರೆಯುವಾಗ ಮಾತ್ರ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡ ದೇವಿರಮ್ಮ ಮುಂದೆ ಬಂದು ನಿಲ್ಲುತ್ತಾಳೆ. ಒಂದೊಂದೇ ಸಾಲಿಗೆ ಅವಳ ತುಟಿಗಳು ಅಲ್ಲಾಡುತ್ತವೆ. ಸಾಲು ಯಾರಿಗೂ ಕೇಳಿಸುವುದಿಲ್ಲ. ತುಟಿ ನಿಂತ ಕಡೆ ಮೇಳ ಹೇಳುತ್ತದೆ: ಸೋಬಾನೆ.