ಮೂರನೇ ಸಾಲಿನ ಖಾಲಿ ಜಾಗ

ಒಂಬತ್ತನೇ ವಯಸ್ಸಿಗೇ ಸಂಗೀತವನ್ನು ಉದ್ಧಾರ ಮಾಡಲು ಹೋಗಿ ಅಜ್ಜನ ಹಾಡನ್ನು ಕೊಂದ ಮಹಾನುಭಾವ ನಾನು. ಗಂಜಿ ಹಾಕಿದ ನೂಲಿನ ವಾಸನೆ ಬಂದರೆ ಈಗಲೂ ನನ್ನ ಕೈಗಳು ಜೇಬಿನಲ್ಲಿ ಅಡಗಿಕೊಳ್ಳುತ್ತವೆ.

ಅಂದು ಮಧ್ಯಾಹ್ನ ಕರೆಂಟು ಹೋಗಿ ಬನಹಟ್ಟಿಯ ನಮ್ಮ ಓಣಿಯ ಮಗ್ಗಗಳೆಲ್ಲ ಬಾಯಿ ಮುಚ್ಚಿದ್ದವು. ಹಾರ್ಮೋನಿಯಂ ಹಿಡಿದು ಊರೂರು ಕಾರ್ಯಕ್ರಮ ಕೊಡುವ ಮುಧೋಳದ ಪೇಟಿ ಮಾಸ್ತರರು ನಮ್ಮ ನೂಲಿನ ರಾಶಿಯ ನಡುವೆ ಕೂತು ತಾವು ಕಟ್ಟಿದ ಹೊಸ ಹಾಡು ಹಾಡಿದರು.

“ಎರಡನೇ ಸಾಲ ಭಾಳ ಓಡತೈತ್ರಿ,” ಎಂದ ಅಜ್ಜ.

ಮಾಸ್ತರರು ನಕ್ಕು ತಿದ್ದಿಕೊಂಡರು. “ಈಗ ನಿಮ್ದು ಹಾಡ್ರಿ. ಛಲೋ ಇದ್ರ ಕಾರ್ಯಕ್ರಮದಾಗ ನಾನೂ ಹಾಡ್ತೇನಿ.”

ಆಯಿ, ಅಂದರೆ ನನ್ನ ಅಜ್ಜಿ, ತೀರಿಕೊಂಡ ಮೇಲೆ ಅಜ್ಜ ಹಾಡಲು ಬಾಯಿ ತೆರೆದದ್ದು ಅಂದೇ. ಹಿಂದೆ ಕೈಮಗ್ಗದ ಮುಂದೆ ತಾನೇ ಕಟ್ಟಿದ್ದ ಹಾಡು ಅದು. ತಾಳ ನನ್ನ ಕೈಯಲ್ಲಿತ್ತು. ಮೂರನೇ ಸಾಲಿನ ನಡುವೆ ಅಜ್ಜ ಸುಮ್ಮನಾದ. ಮುದುಕ ಮರೆತನೆಂದು ನಾನು ಮೂರು ಓಣಿಗೆ ಕೇಳುವಂತೆ ಛಣ್ ಛಣ್ ಬಾರಿಸಿದೆ.

“ಹುಡುಗ ಮಾಡಿದ್ದು ಖರೇನ ಐತ್ರಿ. ಆ ಜಾಗಾ ಖಾಲಿ ಬಿಡಬ್ಯಾಡ್ರಿ, ತುಂಬ್ರಿ,” ಎಂದರು ಮಾಸ್ತರರು.

ನಾನು ಪೂರಿಯಂತೆ ಉಬ್ಬಿದೆ.

“ಹಂಗಾರ ಈ ಹಾಡ ಬ್ಯಾಡ ಬಿಡ್ರಿ,” ಎಂದು ಅಜ್ಜ ಎದ್ದುಬಿಟ್ಟ.

ಮಾಸ್ತರರು ಹೋದ ಮೇಲೆ ನನ್ನ ಕೈಯಿಂದ ಮೆಲ್ಲಗೆ ತಾಳ ತೆಗೆದುಕೊಂಡು ಹೇಳಿದ:

“ಹಾಡ ಕಟ್ಟೂವಾಗ ಅಲ್ಲಿ ಎಳಿ ಕಡದಿತ್ತಲೇ. ನಿಮ್ಮ ಆಯಿ ಬಂದು ಗಂಟ ಹಾಕೂತನಕಾ ನಾ ಸುಮ್ಮನ ಕುಂತಿದ್ದೆ.”